ಮೂರನೆಯ ಗಾಳಿಕಂಬದ ಎಡೆ

ಮಿತಿಯಿಲ್ಲದ ಬೆಳಕಿನ ಬುದ್ಧನಿಗೆ ನಮಸ್ಕಾರ. ಜಪಾನಿನ ರೇಯಿವಾ ಶಕೆಯ ಆರನೆಯ ವರ್ಷ, ಫೆಬ್ರವರಿ ೧೫. ತಥಾಗತನು ಪರಿನಿರ್ವಾಣ ಹೊಂದಿದ ದಿನ. ಹೊಕ್ಕೈಡೊ, ಉತ್ತರ ಭೂಶಿರ. ಬೆಳಿಗ್ಗೆ ಏಳು.

ವಿಹಾರದಲ್ಲಿ ನನ್ನ ಸೂತ್ರಪಠಣ ಇನ್ನೂ ಮುಗಿದಿರಲಿಲ್ಲ. ಗಾಳಿಯಂತ್ರಗಳ ಮೇಲ್ವಿಚಾರಕ ಶಿನೊಡ ಟಾರ್ಪಾಲಿನಲ್ಲಿ ಕಡಲಹದ್ದೊಂದನ್ನು ಹೊತ್ತು ತಂದ. ಮೂರನೆಯ ಕಂಬದ ತಿರುಗುವ ಅಲಗು ಅದನ್ನು ನಡುವಿಗೆ ಸೀಳಿದೆ. ಒಂದು ರೆಕ್ಕೆ ಎಂಬತ್ತು ಹೆಜ್ಜೆ ಆಚೆ ದೊರೆಯಿತಂತೆ. ಈ ಚಳಿಗಾಲದಲ್ಲಿ ಇದು ನಾಲ್ಕನೆಯದು. ಪೈನ್ ಮರದಲ್ಲಿ ಗೂಡು ಕಟ್ಟಿರುವ ಜೋಡಿ ಕ್ಷೇಮ, ಅದೊಂದೇ ಸಮಾಧಾನ.

ಮೀನುಗಾರ ತೋಕುಜಿ ಹೊಸ್ತಿಲಲ್ಲೇ ನಿಂತು ಕುಟುಕಿದ: "ಗುರುಗಳೇ, ಹೊಗೆಯಿಲ್ಲದ ಶಕ್ತಿ, ಯಾವ ಜೀವಕ್ಕೂ ಹಿಂಸೆ ಇಲ್ಲ ಅಂತ ಸಭೇಲಿ ಅಂದೋರು ನೀವೇ ಅಲ್ವಾ?"

ಹೌದು, ನಾನೇ. ಈ ಕಂಬಗಳಿಗೆ ಊರಿನ ಮನಸ್ಸು ಒಲಿದದ್ದೂ ಆ ಮಾತಿನಿಂದಲೇ.

ಫೆಬ್ರವರಿ ೨೧. ಮರಣದ ಏಳನೆಯ ದಿನ.

ಮನುಷ್ಯರಿಗೆ ಮಾಡುವಂತೆಯೇ ಹದ್ದಿಗೂ ಕರ್ಮ ಮಾಡಿದೆವು — ಬಿದ್ದ ಸ್ಥಳದಲ್ಲೇ, ಕಂಬದ ಬುಡದಲ್ಲಿ. ಮೃತರಿಗೆ ಪ್ರಿಯವಾದುದನ್ನೇ ಇಡಬೇಕು. ತೋಕುಜಿ ಎರಡು ದೊಡ್ಡ ಮೀನು ತಂದಿದ್ದ. ಹೊಟ್ಟೆ ಸೀಳಿ ಹಿಮದ ಮೇಲೆ ಇಟ್ಟೆ.

"ಆಮೇಲೆ ಎತ್ಬಿಡ್ಲಾ?" ಶಿನೊಡ ಕೇಳಿದ.

"ಸತ್ತೋರಿಗೆ ಎಡೆ ಇಟ್ಟು ಕಿತ್ಕೊಳ್ತಾರೇನೋ? ನಿಮ್ಮ ಕಂಪನಿ ರೂಲ್ಸಾ ಅದು?" ಎಂದ ತೋಕುಜಿ.

ನಾನೂ ನಕ್ಕೆ.

ಫೆಬ್ರವರಿ ೨೨. ಮಧ್ಯಾಹ್ನ.

ಗೂಡಿನ ಹೆಣ್ಣುಹದ್ದು ಅದೇ ಕಂಬದ ಕೆಳಗೆ. ತಲೆಯಿಲ್ಲ.

ತೋಕುಜಿ ದೋಣಿಯ ಕಬ್ಬಿಣದ ಕೊಕ್ಕೆ ಹಿಡಿದು ಬಂದ. ಶಿನೊಡನ ಹೆಗಲಿಗೆ ಬೀಸಿದ. ಮೂಳೆ ಮುರಿದ ಸದ್ದು ಕೇಳಿತು. ಬಿದ್ದವನ ಮುಖಕ್ಕೆ ಇನ್ನೊಂದು. ಹಿಮದ ಮೇಲೆ ರಕ್ತ... ಹಕ್ಕಿಯದೋ ಮನುಷ್ಯನದೋ ತಿಳಿಯದು.

ಆಗ ಕಂಡೆ. ಹದ್ದಿನ ಉಗುರುಗಳಲ್ಲಿ ಮೀನಿನ ತುಂಡು. ನಾನಿಟ್ಟ ಎಡೆ. ಅದಕ್ಕಾಗಿಯೇ ಅದು ಅಲಗುಗಳ ದಾರಿಗೆ ಇಳಿದಿತ್ತು.

"ನಿಲ್ಸೋ. ಅದನ್ನ ಊಟಕ್ಕೆ ಕರೆದು ಕೊಂದೋನು ನಾನು," ಎಂದು ನಡುವೆ ಹೋದೆ. ಎತ್ತಿದ ಕೊಕ್ಕೆ ನನ್ನ ದವಡೆಗೆ ಬಿತ್ತು. ಎರಡು ಹಲ್ಲು ಹೋದವು.

ತೋಕುಜಿ ಉಗುರುಗಳನ್ನೇ ನೋಡಿದ. "ಮೀನು ತಂದೋನು ನಾನಲ್ವಾ..." ಎಂದು ಅಲ್ಲೇ ಕುಸಿದ.

ಫೆಬ್ರವರಿ ೨೮.

ತೋಕುಜಿ ಠಾಣೆಯಲ್ಲಿದ್ದಾನೆ. ಗಂಡುಹದ್ದು ಆ ಕಂಬವನ್ನೇ ಸುತ್ತುತ್ತಿದೆ, ಸಂಗಾತಿಯನ್ನು ಅರಸುತ್ತ. ಶಿನೊಡ ಒಂದು ತೋಳನ್ನು ಬಟ್ಟೆಯ ಪಟ್ಟಿಯಲ್ಲಿ ಕೊರಳಿಗೆ ತೂಗುಹಾಕಿಕೊಂಡು ಬಂದ.

"ಕಂಪನಿಗೆ ಹೇಳಿಲ್ಲ ಗುರುಗಳೇ. ಹಗಲೆಲ್ಲ ಮೂರನೇದನ್ನ ನಿಲ್ಸಿದೀನಿ. ಕೆಲಸ ಹೋದ್ರೆ ನಿಮ್ಮ ವಿಹಾರದ ಅಂಗಳ ಗುಡಿಸ್ತೀನಿ."

"ಒಂದೇ ಕೈಲಾ?"

"ನಿಮಗೂ ಹಲ್ಲಿಲ್ಲ. ಸರಿಯಾಗಿ ಬೈಯೋಕಾಗಲ್ಲ ಬಿಡಿ."

ನಿಂತ ಅಲಗುಗಳ ನಡುವೆ ಹದ್ದು ಹಾದುಹೋಯಿತು. ಇಬ್ಬರೂ ಉಸಿರು ಬಿಟ್ಟೆವು.

ಹೊಡೆದವನಿಗೂ ಹೊಡೆತ ತಿಂದವನಿಗೂ ಒಳಿತಾಗಲಿ. ಈ ಗಾಳಿಯಿಂದ ಮನೆ ಬೆಚ್ಚಗಾದವರಿಗೂ, ಒಂಟಿಯಾಗಿ ಹಾರುವ ಆ ಜೀವಕ್ಕೂ ಒಳಿತಾಗಲಿ. ಆ ಎಡೆ ಇಟ್ಟ, ಈಗ ಇದನ್ನು ಬರೆಯುತ್ತಿರುವ ಕೈಗೆ —