ಒಂದು ಸಲಕ್ಕಾಗುವಷ್ಟು ಕಿಣ್ವ

ಲ್ಯಾಬಿನ ಅಕ್ಕನಿಗೆ,

ಹೇಗಿದ್ದೀರಿ ಎಂದು ಕೇಳುವ ಮುಖ ನನಗಿಲ್ಲ.

ನೀರಿನಲ್ಲಿ ಕರಗುವ, ವಿದ್ಯುತ್ ಹರಿಸುವ ಪಾಲಿಮರ್ ಮಾಡುವಾಗ ನೀವು ಹೇಳಿದ್ದಿರಿ: "ಪೆರಾಕ್ಸೈಡ್ ಹನಿ ಹನಿಯಾಗಿ ಬಿಡೋ. ಒಟ್ಟಿಗೆ ಸುರಿದ್ರೆ ಕಿಣ್ವ ಸತ್ತುಹೋಗುತ್ತೆ." ಅಂದು ಬಸ್ಸಿನ ಅವಸರದಲ್ಲಿ ನಾನು ಸುರಿದೇಬಿಟ್ಟೆ. ಹಸಿರಾಗಬೇಕಿದ್ದ ದ್ರಾವಣ ಹಸಿರಾಗಲಿಲ್ಲ. ಮುಖ್ಯಸ್ಥರಿಗೆ, "ಅಕ್ಕ ಬೇರು ಅರೆದು ತೆಗೆದ ಕಿಣ್ವಾನೇ ಸರಿಯಿಲ್ಲ ಸರ್" ಎಂದೆ. ನೀವು ಕೋಟು ಕಳಚಿಟ್ಟು ಕೆಲಸ ಬಿಟ್ಟು ಹೋದಿರಿ.

ನಿನ್ನೆ, ಫ್ರಿಜ್ಜಿನಲ್ಲಿ ನೀವು ತೆಗೆದಿಟ್ಟಿದ್ದ ಅದೇ ಸೀಸೆಯ ಕಿಣ್ವ ಹಾಕಿ, ಮೂರು ಗಂಟೆ ಕೂತು ಪೆರಾಕ್ಸೈಡ್ ಹನಿ ಹನಿಯಾಗಿ ಬಿಟ್ಟೆ. ನೀರೆಲ್ಲ ಎಲೆಹಸಿರಾಯಿತು, ತಳದಲ್ಲಿ ಚೂರೂ ಗಷ್ಟಿಲ್ಲ. ಮುಖ್ಯಸ್ಥರಿಗೆ ನಿಜ ಹೇಳಿದೆ. "ಆಗಿದ್ದಾಯ್ತು, ಬಿಡಯ್ಯ" ಎಂದರು.

ನನ್ನಿಂದ ಬಿಡಲಾಗುತ್ತಿಲ್ಲ. ನಿಮ್ಮ ಕೋಟು ಒಗೆದು ಮೊಳೆಗೆ ನೇತುಹಾಕಿದ್ದೇನೆ. ಸೀಸೆಯಲ್ಲಿ ಇನ್ನೊಂದು ಸಲಕ್ಕಾಗುವಷ್ಟು ಕಿಣ್ವ ಉಳಿದಿದೆ. ಅದನ್ನು ನಾನು ಮುಟ್ಟುವುದಿಲ್ಲ.

ಮಾತು ಕೇಳದ
ನಿಮ್ಮ ತಮ್ಮ