ಅಮಲಾ ಮೇಡಂ ಹೇಳಿದ ‘ಬರ್ತೇನೆ’

೯ ಏಪ್ರಿಲ್ ೨೦೦೩, ಬುಧವಾರ

ಜೂನ್‌ನಿಂದ ನಮ್ಮ ಶಾಲೆಯಲ್ಲಿ ಫ್ರೆಂಚ್ ಇಲ್ಲ, ಜರ್ಮನ್ ಮಾತ್ರ. ಫ್ರೆಂಚಿಗೆ ಉಳಿದದ್ದು ನಾವು ಮೂವರೇ. ನನ್ನ ಗೆಳತಿ ವಿಸ್ಮಿತಾ ಕೂಡ ಬಿಟ್ಟಳು. “ಜರ್ಮನ್‌ನಲ್ಲಿ ಮಾರ್ಕ್ ಜಾಸ್ತಿ ಬರ್ತದಂತೆ, ನೀನೂ ಬಾ ಮಾರಾಯ್ತಿ” ಅನ್ನುತ್ತಾಳೆ. ಅವಳ ಮುಖ ನೋಡುವುದಕ್ಕೂ ಮನಸ್ಸಿಲ್ಲ.

ಅಮಲಾ ಮೇಡಂ ಇವತ್ತು ಪಾಂಡಿಚೇರಿಗೆ ಹೊರಟುಹೋದರು. ಅವರು ನಮಗೆ ಫ್ರೆಂಚ್ ಕಲಿಸಿದರು. ಅವರಿಗೆ ಕನ್ನಡ ಕಲಿಸಿದ್ದು ನಾನು. ಪ್ರತಿದಿನ ಕ್ಲಾಸ್ ಮುಗಿದಾಗ “ನಾನು ಹೋಗ್ತೇನೆ” ಅನ್ನುತ್ತಿದ್ದರು.

“ಹಾಗೆ ಹೇಳಬಾರದು ಮೇಡಂ, ಬರ್ತೇನೆ ಅನ್ನಬೇಕು.”

“ಹೋಗುವವರು ಬರ್ತೇನೆ ಅಂದರೆ ಸುಳ್ಳಲ್ಲವಾ ಶಬ್ನಾ?” ಅಂತ ನಗುತ್ತಿದ್ದರು. ಮರುದಿನ ಮತ್ತೆ ಅದೇ ಹೋಗ್ತೇನೆ.

“ಇನ್ನೊಬ್ಬರು ಟೀಚರ್ ಬರ್ತಾರೆ, ನೀನು ಉಣ್ಣು” ಅಂದರು ಉಮ್ಮ, ಮಧ್ಯಾಹ್ನ ಅನ್ನ ಬಡಿಸುತ್ತಾ. ನಾನು ತಟ್ಟೆ ಸರಿಸಿ ಎದ್ದೆ.

ಸಂಜೆ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಮೇಡಂ ಅವರ ಚೀಲ ಹಿಡಿದು ನಿಂತಿದ್ದೆ. ಬಸ್ ಹತ್ತಿದ ಮೇಲೆ ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡರು. ಸ್ವಲ್ಪವೂ ತಡವರಿಸದೆ, “ಬರ್ತೇನೆ ಶಬ್ನಾ” ಅಂದರು.

ಇವತ್ತೊಂದು ದಿನ ತಪ್ಪು ಹೇಳಬಾರದಿತ್ತಾ? ನಾನು ತಿದ್ದುವಷ್ಟು ಹೊತ್ತಾದರೂ ಇಲ್ಲೇ ಇರುತ್ತಿದ್ದರು.