ಪೀಠಿಕೆಗೆ ಹೋದ ಸಾಲು

ಅಪ್ಪಾ,

ಈ ಕಾಗದ ನಿನಗೆ ತಲುಪುವುದಿಲ್ಲ ಎಂಬ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ.

ನೀನು ಹನ್ನೆರಡು ವರ್ಷ ಜಗಳವಾಡಿ ದೇಶದೇಶಗಳ ಒಪ್ಪಂದದ ನಾಲ್ಕನೇ ಕಲಮಿನಲ್ಲಿ ಕೂರಿಸಿದ್ದ ಸಾಲನ್ನು ಇವತ್ತು ನಮ್ಮ ಪರಿಷ್ಕರಣ ಸಮಿತಿ ಎಬ್ಬಿಸಿ ಕಳಿಸಿತು. ‘ಆಸ್ಪತ್ರೆಗಳ ಮೇಲೆ ಬಾಂಬು ಹಾಕಕೂಡದು.’ ಅಳಿಸಿಬಿಟ್ಟರು ಅಂದುಕೊಳ್ಳಬೇಡ, ಅಷ್ಟು ಎದೆಗಾರಿಕೆ ಇಲ್ಲಿ ಯಾರಿಗಿದೆ? ಪೀಠಿಕೆಗೆ ಸಾಗಿಸಿದರು. ಅಲ್ಲಿ ಬರೆದದ್ದನ್ನು ಯಾರೂ ಪಾಲಿಸಬೇಕಾಗಿಲ್ಲ.

“ಇದು ಬರೀ ನಿಯಮ ಅಲ್ಲ, ಮೌಲ್ಯ. ಮೌಲ್ಯ ಅಂದ್ಮೇಲೆ ಎಲ್ಲಕ್ಕಿಂತ ಮೇಲಿರ್ಬೇಕು,” ಅಂದರು ಅಧ್ಯಕ್ಷರು, ಅಂಗಿಯ ಮೇಲಿನ ಬಿಸ್ಕತ್ತಿನ ಪುಡಿ ಕೊಡವುತ್ತಾ. ಎಲ್ಲರೂ ತಲೆಯಾಡಿಸಿದರು.

ನಿನ್ನ ಹಳೆಯ ಟೈಪಿಸ್ಟ್ ನನ್ನ ಕಡೆ ಬಾಗಿ, “ನಿಮ್ಮಪ್ಪ ಇದ್ದಿದ್ರೆ ಎದ್ದು ಹೋಗ್ತಿದ್ರು,” ಅಂದರು.

ನಾನು ಏಳಲಿಲ್ಲ. ಆ ಸಾಲು ಪೀಠಿಕೆಯಲ್ಲಿ ಒರಟಾಗಿ ಕಾಣುತ್ತದೆಂದು ಅದನ್ನು ನಯ ಮಾಡುವ ಕೆಲಸವನ್ನು ನನಗೇ ಕೊಟ್ಟರು, ನಿನ್ನ ಮಗಳಲ್ಲವೇ. ‘ಹಾಕಕೂಡದು’ ತೆಗೆದು ‘ಹಾಕದಿರುವುದು ಅಪೇಕ್ಷಣೀಯ’ ಎಂದು ಬರೆದುಕೊಟ್ಟೆ.

ಎಲ್ಲರೂ ಮೆಚ್ಚಿದರು. ಬರವಣಿಗೆ ಥೇಟ್ ನಿನ್ನದೇ ಹಾಗಿದೆಯಂತೆ.